ಮೊಳಕೆಗಿಟ್ಟ ಆ್ಯಪ್

ಕಾರ್ತಿಕದ ಇಬ್ಬನಿ ಆರುವವರೆಗೆ ಹತ್ತಿಗೆ ಕೈ ಹಚ್ಚುವಂತಿಲ್ಲ; ಹಸಿ ಹತ್ತಿ ಚೀಲದೊಳಗೆ ಕಾವು ಏರಿ ಬಣ್ಣಗೆಡುತ್ತದೆ. ಅರಕೇರಾದ ಹನ್ನೆರಡು ಹೆಂಗಸರು ಅನ್ನಮ್ಮನ ಹೊಲದ ಬದುವಿನ ಮೇಲೆ ಕೂತು, ಎಲೆಯಡಿಕೆ ಹಾಕಿಕೊಂಡು, ಬಿಸಿಲು ಏರುವುದನ್ನು ಕಾದರು. ಗಿಡದ ನೆತ್ತಿ ಒಣಗಿದ ಮೇಲೆ ಸೆರಗನ್ನು ಉಡಿ ಕಟ್ಟಿಕೊಂಡು ಸಾಲು ಹಿಡಿದರು.

ಇವರಲ್ಲಿ ಯಾರೂ ಕೂಲಿಗೆ ಬಂದವರಲ್ಲ. ಇದು ಮುಯ್ಯಾಳು. ಇಂದು ನನ್ನ ಹೊಲಕ್ಕೆ ನೀನು ಬಂದರೆ ನಾಳೆ ನಿನ್ನ ಹೊಲಕ್ಕೆ ನಾನು. ಕಳೆ ತೆಗೆಯುವುದರಿಂದ ಹತ್ತಿ ಬಿಡಿಸುವವರೆಗೆ ಒಂದೇ ಲೆಕ್ಕ. ಯಾರ ಮೇಲೆ ಮುಯ್ಯಿ ಉಳಿದಿದೆಯೋ ಅವರ ಹೊಲ ಎಲ್ಲರಿಗಿಂತ ಕಡೆಗೆ. ಲೆಕ್ಕ ಇಡುವವಳು ಬೂದೆಮ್ಮ. ಅಕ್ಷರ ಬಾರದ ಅವಳು ಹನ್ನೆರಡು ಬಟ್ಟೆಗಂಟು ಮಾಡಿ, ಒಂದೊಂದು ದಿನಕ್ಕೆ ಒಂದೊಂದು ಹತ್ತಿಕಾಳು ಹಾಕಿ ಇಡುತ್ತಿದ್ದಳು. ಈ ಸಲ ದೀಪಾವಳಿಗೆ ಮನೆ ಸಾರಿಸುವಾಗ ಗಂಟುಗಳನ್ನು ಕಟ್ಟೆಯ ಮೇಲಿಟ್ಟು ಮರೆತಳು. ಅವಳದೇ ಆಡು ಬಂದು ವರ್ಷದ ಲೆಕ್ಕವನ್ನೆಲ್ಲ ಬಟ್ಟೆ ಸಮೇತ ತಿಂದುಹಾಕಿತು.

ಅನ್ನಮ್ಮನ ಹೊಲ ಇಂದು ಮುಗಿದರೆ ಉಳಿಯುವುದು ಎರಡೇ ಹೊಲ, ಬೂದೆಮ್ಮನದು ಮತ್ತು ಆದೆಮ್ಮನದು. ಆಂಧ್ರದ ಕಡೆಯಿಂದ ಮೋಡ ಏಳುತ್ತಿತ್ತು. ಮೊದಲು ಬಿಡಿಸಿದವಳ ಹತ್ತಿ ಉಳಿಯುತ್ತದೆ. ಎರಡನೆಯವಳದು ಮಳೆರಾಯನ ಕೈಯಲ್ಲಿ.

"ನಂದೇ ಮೊದ್ಲು ಬೇ. ನಾ ಯಾರಿಗೂ ಮುಯ್ಯಿ ಉಳಿಸ್ಕೊಂಡಾಕಿ ಅಲ್ಲ," ಎಂದಳು ಬೂದೆಮ್ಮ.

"ನಿನ್ನ ಆಡನ್ನ ಕೇಳ್ಬೇಕು ಯಕ್ಕಾ. ಅದ್ರ ಹೊಟ್ಟ್ಯಾಗ ಅದ ಲೆಕ್ಕ," ಎಂದಳು ಆದೆಮ್ಮ. ಸಾಲಿಗೆ ಸಾಲೇ ನಕ್ಕಿತು.

ಬೂದೆಮ್ಮನ ಮಗಳು ಮಂಜುಳಾ ರಾಯಚೂರಿನ ಕಾಲೇಜಿನಿಂದ ರಜೆಗೆ ಬಂದಿದ್ದಳು. ಅವ್ವನ ಗಂಟುಗಳ ಕಥೆ ಕೇಳಿ, ವಾರ ಕೂತು, ಫೋನಿಗೆ ಒಂದು ಆ್ಯಪ್ ಮಾಡಿ, ಅದನ್ನು ತೋರಿಸಲು ಇಂದು ಹೊಲಕ್ಕೇ ಬಂದಿದ್ದಳು. ಓದು ಬರಹ ಬೇಕಿಲ್ಲ. ಹನ್ನೆರಡು ಮುಖ, ಹನ್ನೆರಡು ಹೊಲ. ಮುಖ ಒತ್ತಿ ಬಾಯಲ್ಲಿ ಹೇಳಿದರೆ ಸಾಕು, ಯಾರ ಮುಯ್ಯಿ ಯಾರ ಮೇಲಿದೆ ಎಂದು ಅದೇ ಕೂಗಿ ಹೇಳುತ್ತದೆ.

"ಪ್ಲೇಸ್ಟೋರಿನ್ಯಾಗ ಅದ ಏನು?" ಆದೆಮ್ಮ ಕೇಳಿದಳು.

"ಇಲ್ಲ ಚಿಗವ್ವ. ವಾಟ್ಸಾಪಿನ್ಯಾಗ ಕಳಿಸ್ತೀನಿ. ಒತ್ತಿದ್ರ ಕುಂದರ್ತದ."

ಆದೆಮ್ಮನ ಕೈ ಗಿಡದಲ್ಲೇ ನಿಂತಿತು. ಹೋದ ವರ್ಷ ಅವಳ ಗಂಡ ಹುಸೇನಪ್ಪನ ಫೋನಿಗೆ ಹೀಗೆಯೇ ಒಂದು ಲಗ್ನಪತ್ರ ಬಂದಿತ್ತು. ಯಾರ ಲಗ್ನ ಎಂದು ನೋಡಲು ಒತ್ತಿದ. ಹೋರಿ ಮಾರಿ ಬ್ಯಾಂಕಿಗೆ ಹಾಕಿದ್ದ ರೊಕ್ಕ ಸಂಜೆಯೊಳಗೆ ಇರಲಿಲ್ಲ.

"ನಾ ಒಲ್ಲೆ. ಪ್ಯಾಕೀಟಿನ ಬೀಜ ಬಿಟ್ಟು ಯಾರೋ ಕೊಟ್ಟ ಬಿಡಿ ಬೀಜ ಬಿತ್ತಿದಂಗ ಆಗ್ತದ."

"ಪ್ಯಾಕೀಟಿನ ಬೀಜಾನೂ ಹುಟ್ಟದೇ ಹೋಗ್ಯಾವ ಬೇ," ಬೂದೆಮ್ಮ ಬಿಡಲಿಲ್ಲ. "ನನ್ನ ಮನಿ ತೊಗರಿ ಬೀಜ ಒಯ್ದು ಬಿತ್ತಿದಿ. ಅದಕ್ಕ ಯಾವ ಸೀಲ್ ಇತ್ತು?"

"ನಿನ್ನ ಹೊಲ ಕಣ್ಣಾರೆ ನೋಡಿದ್ದೆ, ಒಯ್ದೆ. ಈ ಆ್ಯಪಿನ ಹೊಲ ಯಾರು ನೋಡ್ಯಾರ?"

"ಮಂಜುಳಾ ನೋಡ್ಯಾಳ."

"ಮಂಜುಳಾ ನಿನ್ನ ಮಗಳು! ಲೆಕ್ಕ ಯಾರ ಕಡಿ ವಾಲ್ತದ ನಂಗೊತ್ತಿಲ್ಲೇನು?"

ಅನ್ನಮ್ಮ ನಡುವೆ ಬಾಯಿ ಹಾಕಿದಳು. "ಮಂಜಿ, ಆ ಸ್ಟೋರಿನ್ಯಾಗೇ ಇಡು. ಜಗಳಾನೇ ಬ್ಯಾಡ."

"ಅದಕ್ಕ ರೊಕ್ಕ ಕಟ್ಟಬೇಕು, ಕಾಗದ ತೋರಿಸಬೇಕು, ಹನ್ನೆರಡು ಮಂದಿ ಹದಿನಾಕು ದಿನ ಬಳಸಿ ನೋಡಬೇಕು ಅತ್ತೀ."

"ಹನ್ನೆರಡು ಮಂದಿ ಇದೀವಿ. ಹದಿನಾಕು ದಿನ ಮೋಡ ನಿಲ್ತದೇನು?" ಎಂದಳು ಬೂದೆಮ್ಮ.

ಮರುದಿನ ದೇವದುರ್ಗದ ಸಂತೆ. ಯಾರೂ ಹೊಲಕ್ಕೆ ಹೋಗುವುದಿಲ್ಲ. ಬೂದೆಮ್ಮ, ಆದೆಮ್ಮ ಇಬ್ಬರೂ ಮಂಜುಳಾಳನ್ನು ನಡುವೆ ಹಾಕಿಕೊಂಡು ಬಸ್ ಹತ್ತಿದರು. ಬಸ್ ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಮಾಡುವ ಜಮೀರ್, ಹುಸೇನಪ್ಪನ ರೊಕ್ಕ ಹೋದಾಗ ಬ್ಯಾಂಕಿನವರೆಗೆ ಜತೆಗೆ ನಡೆದಿದ್ದವನು. ಅವನ ಮಾತೆಂದರೆ ಆದೆಮ್ಮನಿಗೆ ನಂಬಿಕೆ.

ಮಂಜುಳಾಳ ಫೋನಿನಲ್ಲಿ ಆ್ಯಪನ್ನು ಅವನು ಬಹಳ ಹೊತ್ತು ತಿರುವಿ ನೋಡಿದ.

"ಹೊರಗಿಂದು ಹಾಕಬ್ಯಾಡ್ರಿ ಅಂತ ದಿನಾ ಹತ್ತು ಮಂದಿಗೆ ಹೇಳ್ತೀನಿ ಅಕ್ಕಾರ. ಆವತ್ತು ಆ ಲಗ್ನಪತ್ರ ಮೆಸೇಜ್ ಓದಾಕ ಪರ್ಮಿಷನ್ ಕೇಳಿತ್ತು, ಹುಸೇನಪ್ಪಣ್ಣ ಹೂಂ ಅಂದುಬಿಟ್ಟ. ಇದು ಮಾತು ಕೇಳ್ಸಿಕೊಳ್ಳಾಕ ಮೈಕ್ ಒಂದೇ ಕೇಳಾಕತ್ತದ. ನೋಡಾಕ ಸಾಫ್ ಅದ. ಆದ್ರ ಗ್ಯಾರಂಟಿ ನಾ ಕೊಡಂಗಿಲ್ಲ."

"ನೀನೂ ಕೊಡಂಗಿಲ್ಲ ಅಂದ್ರ ಯಾರು ಕೊಡ್ತಾರ ಜಮೀರಾ?"

"ಬೀಜಕ್ಕ ಏನ್ ಮಾಡ್ತೀರಿ ನೀವು?"

ಬೀಜಕ್ಕೆ ಏನು ಮಾಡುತ್ತಾರೆಂದು ಆದೆಮ್ಮನಿಗೆ ಯಾರೂ ಕಲಿಸಬೇಕಿರಲಿಲ್ಲ. ಬಿತ್ತುವ ಮೊದಲು ಹತ್ತು ಕಾಳು ಒದ್ದೆ ಗೋಣಿಯಲ್ಲಿ ಸುತ್ತಿ ಮೂಲೆಗಿಡುವುದು. ಹುಟ್ಟಿದರೆ ಹೊಲಕ್ಕೆ, ಕೊಳೆತರೆ ತಿಪ್ಪೆಗೆ.

"ಹಂಗಾದ್ರ ಇದನ್ನೂ ಮೊಳಕೆಗೆ ಇಡೂಣು," ಎಂದಳು ತಡೆದು ತಡೆದು. "ನಮ್ಮನ್ಯಾಗ ಗಾಜು ಒಡೆದ ಹಳೇ ಫೋನದ. ಸಿಮ್ ಇಲ್ಲ, ಬ್ಯಾಂಕಿಲ್ಲ. ಅದಕ್ಕ ಹಾಕ್ರಿ. ಕೊಳೆತ್ರ ಅದರಾಗೇ ಕೊಳೀಲಿ."

"ಇಷ್ಟು ಶಾಣ್ಯಾ ಗಿರಾಕಿ ನನಗ ದಿನಾ ಸಿಗಂಗಿಲ್ಲ," ಎಂದು ಜಮೀರ್ ಮೂವರಿಗೂ ಚಹಾ ತರಿಸಿದ.

ಊರಿಗೆ ಬಂದೊಡನೆ ಆ ಒಡೆದ ಫೋನಿಗೆ ಆ್ಯಪ್ ಹಾಕಿದರು. ಅಪಾಯವಿರಬಹುದು ಎಂದು ಫೋನ್ ಎಚ್ಚರಿಸಿದಾಗ ಆದೆಮ್ಮ, "ನೋಡು, ಅದಕ್ಕೂ ಗೊತ್ತದ," ಎಂದಳು, ಆದರೂ ಒತ್ತಿದಳು. ಅನ್ನಮ್ಮನ ಪಡಸಾಲೆಯಲ್ಲಿ ಫೋನ್ ಇಟ್ಟು ಒಬ್ಬೊಬ್ಬರೇ ಒಳಗೆ ಹೋಗಿ ಹೇಳಿಬಂದರು. ಯಾವ ದಿನ ಯಾರ ಹೊಲದಲ್ಲಿದ್ದೆ, ಯಾವ ದಿನ ಇರಲಿಲ್ಲ, ಯಾಕೆ ಇರಲಿಲ್ಲ. ಬೂದೆಮ್ಮ ಎಲ್ಲರಿಗಿಂತ ಹೆಚ್ಚು ಹೊತ್ತು ಮಾತಾಡಿ, ಗೆದ್ದವಳ ಹಾಗೆ ಹೊರಗೆ ಬಂದಳು.

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಕಟ್ಟೆಯ ಮೇಲೆ ಕೂತರು. ಮಂಜುಳಾ ಒತ್ತಿದಳು. ಹೆಸರುಗಳು ಒಂದೊಂದಾಗಿ ಬಂದವು. ಆದೆಮ್ಮ, ಬಾಕಿ ಇಲ್ಲ. ಅನ್ನಮ್ಮ, ಬಾಕಿ ಇಲ್ಲ. ಕಡೆಗೆ, "ಬೂದೆಮ್ಮ. ಆದೆಮ್ಮನಿಗೆ ಒಂದು ದಿನದ ಮುಯ್ಯಿ."

"ಸುಳ್ಳು!" ಬೂದೆಮ್ಮ ಎದ್ದು ನಿಂತಳು. "ನಾ ಮೊದಲೇ ಅಂದಿದ್ದೆ, ಹೊರಗಿನ ಆ್ಯಪ್ ನಂಬಬಾರದು ಅಂತ."

"ಅಂದಾಕಿ ನಾನು ಯಕ್ಕಾ," ಎಂದಳು ಆದೆಮ್ಮ. "ನನಗಂತೂ ಭಾಳ ಚೊಲೋ ಆ್ಯಪ್ ಅನ್ನಿಸ್ತು. ಮೊಳಕಿ ಬಂತು ನೋಡ್ರೆವ್ವಾ."

ಹೆಂಗಸರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ಮಂಜುಳಾ ಅವ್ವನ ಮುಖವನ್ನು ಒತ್ತಿದಳು. ಬೂದೆಮ್ಮನದೇ ದನಿ, ಠೀವಿಯಿಂದ: "ಆದೆಮ್ಮನ ಹೊಲದ ಕಳೆ ದಿನ ನಾ ಎಲ್ಲಿದ್ದೆ? ಮಂಜುಳಾನ್ನ ಹಾಸ್ಟೆಲಿಗೆ ಬಿಡಾಕ ರಾಯಚೂರಿಗೆ ಹೋಗಿದ್ದೆ. ನಮ್ಮ ಓಣ್ಯಾಗ ಕಾಲೇಜಿಗೆ ಹೋದ ಮೊದಲ ಹುಡುಗಿ ನನ್ನ ಮಗಳು!"

ಬೂದೆಮ್ಮ ತನ್ನ ದನಿಯನ್ನು ತಾನೇ ಕೇಳಿ ಬಾಯಿಗೆ ಸೆರಗು ಹಿಡಿದಳು. ಹೆಮ್ಮೆ ಹೇಳಿಕೊಳ್ಳುವ ಭರದಲ್ಲಿ ಮುಯ್ಯಿಯನ್ನು ತಾನೇ ಒಪ್ಪಿಬಿಟ್ಟಿದ್ದಳು. ಸ್ವಲ್ಪ ಹೊತ್ತಿಗೆ ಸೆರಗಿನ ಹಿಂದೆ ಅವಳ ಭುಜ ಅಲುಗಿತು. ಅಳುತ್ತಿದ್ದಾಳೆಂದು ಮಂಜುಳಾ ಹತ್ತಿರ ಹೋದರೆ ಅವಳು ನಗುತ್ತಿದ್ದಳು.

"ಖರೇ ಅದ ಬಿಡ್ರಿ. ನಾಳೆ ಆದೆಮ್ಮಂದೇ ಮೊದ್ಲು."

ಮರುದಿನ ಇಬ್ಬನಿ ಆರುವ ಮೊದಲೇ ಬೂದೆಮ್ಮ ಆದೆಮ್ಮನ ಬದುವಿನ ಮೇಲಿದ್ದಳು. ಅವಳ ಕೈ ಎರಡಾಳಿನ ವೇಗದಲ್ಲಿ ಓಡಿತು. ಮೋಡ ನೆತ್ತಿಯ ಮೇಲೆ ಬಂದು, ನಾಲ್ಕು ಹನಿ ಚೆಲ್ಲಿ, ಮಾನ್ವಿಯ ಕಡೆಗೆ ಹೊರಟಿತು. ಮಧ್ಯಾಹ್ನದ ಹೊತ್ತಿಗೆ ಹೊಲ ಬರಿದಾಯಿತು. ರೊಟ್ಟಿ ತಿಂದ ಮೇಲೂ ಆದೆಮ್ಮ ಉಡಿ ಬಿಚ್ಚಲಿಲ್ಲ. "ಏಳ್ರೆವ್ವಾ, ಇನ್ನೂ ಹೊತ್ತದ. ಯಕ್ಕನ ಹೊಲಾನೂ ಹಿಡಿಯೂಣು," ಎಂದಳು. ಹನ್ನೆರಡೂ ಮಂದಿ ಎದ್ದರು.

ದಾರಿಯಲ್ಲಿ ಆದೆಮ್ಮ ಒಡೆದ ಫೋನನ್ನು ಸೊಂಟದಿಂದ ತೆಗೆದಳು. "ಮಂಜಿ, ಚೀಕಲಪರ್ವಿ ಊರಾಗ ನಮ್ಮ ತಂಗಿ ಮಂದಿ ನಾಟಿ ಹಚ್ಚೋದೂ ಮುಯ್ಯಾಳಿನ್ಯಾಗೇ. ಆಕಿಗೂ ಕಳಿಸು. ಮೊದ್ಲು ಸಿಮ್ ಇಲ್ಲದ ಫೋನಿಗೆ ಹಾಕು ಅಂತ ಹೇಳು, ಮರೀಬ್ಯಾಡ." ಆಮೇಲೆ ಬೂದೆಮ್ಮನ ಮುಖವನ್ನು ತಾನೇ ಒತ್ತಿ, ಬೆಳಗಿನ ಕೆಲಸವನ್ನು ಎರಡಾಳಿನ ಲೆಕ್ಕದಲ್ಲಿ ಹೇಳಿದಳು.

"ಬೂದೆಮ್ಮ, ಬಾಕಿ ಇಲ್ಲ," ಎಂದಿತು ಫೋನ್.

ಮುಂದೆ ಹೋಗುತ್ತಿದ್ದ ಬೂದೆಮ್ಮ ನಿಂತು ತಿರುಗಿದಳು.

"ಇನ್ನೊಮ್ಮಿ ಒತ್ತು ಬೇ. ಹಿಂದಿನವರಿಗೂ ಕೇಳ್ಲಿ."