ಗರಿ ಕಟ್ಟಿದ ಮೆಷಿನ್

"ಇಂಜಿನ್ ಓಡ್ತದೆ, ಕರೆಂಟ್ ಮಾತ್ರ ಬರಲ್ಲ ಅಂತೀಯಲ್ಲೋ ಬೋಳಿಮಗನೇ! ಮೂರ್ ದಿನದಿಂದ ಹಡಗು ಕಾಯ್ತಾ ನಿಂತದೆ. ದಿಮ್ಮಿ ಎತ್ತೋ ಲೋಡರ್ ತೋಳು ಸೀಳೋಗದೆ. ನೀನು ಆ ಡಬ್ಬದ್ ಮಕ ನೋಡ್ಕೊಂಡು ಕುಂತಿದೀಯಾ?"

ಬೈದವನು ಮರದ ಕಂಪನಿಯ ಮ್ಯಾನೇಜರ್ ಡಂಕನ್. ಬೈಸಿಕೊಂಡವನು ವೆಲ್ಡರ್ ಇರೋಮಿಯಾ. ಬೆಳಗಿನಿಂದ ವೆಲ್ಡಿಂಗ್ ಜನರೇಟರಿನ ಹೊಟ್ಟೆಯೊಳಗೆ ಕೈ ಹಾಕಿಕೊಂಡಿದ್ದ ಅವನು ತಲೆ ಎತ್ತಲಿಲ್ಲ.

"ತಾಳಿ ಬಾಸ್. ಹುಡುಕ್ತಾ ಇವ್ನಿ."

"ಹುಡುಕ್ಲಾ, ಹುಡುಕು. ನಿನ್ ತಂಗೀನ ನನ್ ಹಾಸಿಗೆಗ್ ಕಳ್ಸು, ಆಮೇಲೆ ಇನ್ನೊಂದ್ ವಾರ ಬೇಕಾದ್ರೂ ಹುಡುಕ್ತಾ ಕೂತ್ಕೋ!"

ದಿಮ್ಮಿಗಳ ಮೇಲೆ ಕುಳಿತಿದ್ದ ಇಪ್ಪತ್ತು ಕೆಲಸಗಾರರ ಮಾತು ನಿಂತಿತು. ಹತ್ತು ಮಾರು ದೂರದ ಅಡುಗೆ ಶೆಡ್ಡಿನಲ್ಲಿ ಮರಗೆಣಸು ಹೆರೆಯುತ್ತಿದ್ದ ವೆನೆಟಾಳ ಚಾಕುವೂ ನಿಂತಿತು. ಅವಳೇ ಆ ತಂಗಿ.

ಮಲೈತಾ ದ್ವೀಪದ ಜನರಲ್ಲಿ ತಂಗಿಯ ಹೆಸರು ಹಿಡಿದು ಅಣ್ಣನಿಗೆ ಬೈದರೆ, ಅದೂ ಅವಳ ಕಿವಿಗೆ ಬೀಳುವಂತೆ ಬೈದರೆ, ಅದು ಗಾಳಿಗೆ ಹೋಗುವ ಮಾತಲ್ಲ. ಬೈದವನು ಚಿಪ್ಪಿನ ಸರವನ್ನೋ ಹಂದಿಯನ್ನೋ ಅವಳ ಮುಂದಿಟ್ಟು, ತಪ್ಪಾಯಿತು ಎಂದು ಹೇಳುವ ತನಕ ಅಣ್ಣ ಅವಳ ಮುಖ ನೋಡುವಂತಿಲ್ಲ, ಅವಳ ಕೈಯಡುಗೆ ಉಣ್ಣುವಂತಿಲ್ಲ. ತಾಯಿ ಸತ್ತ ಮೇಲೆ ಎತ್ತಿ ಆಡಿಸಿ ಬೆಳೆಸಿದ ತಂಗಿ. ಒಂದೇ ಮಾತಿನಲ್ಲಿ ಆ ಹಲ್ಕಾ ನನ್ಮಗ ಅವಳನ್ನು ಇರೋಮಿಯಾನಿಂದ ಕಿತ್ತುಕೊಂಡಿದ್ದ.

ಇರೋಮಿಯಾನ ಕೈ ಸ್ಪ್ಯಾನರ್ ಮೇಲೆ ಬಿಗಿಯಿತು. ಪಕ್ಕದಲ್ಲಿ ಕುಳಿತಿದ್ದ ಮುದುಕ ಸೂರಿ ಆ ಕೈ ಹಿಡಿದುಕೊಂಡ. ಗರಗಸದ ಕೆಲಸದಲ್ಲಿ ಬಲಗೈಯ ಎರಡು ಬೆರಳು ಕಳೆದುಕೊಂಡು, ಕಂಪನಿಯಲ್ಲೇ ಮುದಿಯಾದ ಸೂರಿಗೆ ಹೊಡೆದಾಟದ ಕೊನೆ ಏನೆಂದು ಗೊತ್ತಿತ್ತು.

"ಬ್ಯಾಡ ಕಣ್ ಮಗ. ಹೊಡುದ್ರೆ ನಿಂದೇ ತಪ್ಪಾಯ್ತದೆ. ಮೊದ್ಲು ಮಿಸಿನ್ ಯಾಕ್ ಕೆಟ್ತು ಅಂತ ತೋರ್ಸು. ನಿನ್ ಮ್ಯಾಲ್ ಹೊರ್ಸವ್ನೆ, ಅದುನ್ನ ಇಳ್ಸು."

ಕೆಟ್ಟದ್ದು ಎಲ್ಲಿ ಅನ್ನುವುದೇ ಸಿಕ್ಕುತ್ತಿರಲಿಲ್ಲ. ಸ್ವಿಚ್ಚು ಸರಿಯಾಗಿತ್ತು. ಇಲಿ ಕಡಿದ ವೈರೂ ಇರಲಿಲ್ಲ. ಕಾರ್ಬನ್ ಬ್ರಷ್ ತೆಗೆದು ನೋಡಿದ, ಇನ್ನೂ ಅರ್ಧ ಬೆರಳು ಉದ್ದ ಉಳಿದಿತ್ತು. ಅದು ಉಜ್ಜುವ ತಾಮ್ರದ ಬಳೆಗಳನ್ನು ಸಣ್ಣ ಉಪ್ಪುಕಾಗದದಲ್ಲಿ ತಿಕ್ಕಿದ. ಇಂಜಿನ್ ಹಾಕಿದರೆ ಮೀಟರಿನ ಮುಳ್ಳು ಸತ್ತ ಹಲ್ಲಿಯ ಹಾಗೆ ಬಿದ್ದೇ ಇತ್ತು. ಬೆವರು ಕಣ್ಣಿಗಿಳಿಯಿತು. "ಥೂ ನಿನ್ನ!" ಎಂದು ಇರೋಮಿಯಾ ಜನರೇಟರಿಗೆ ಒದ್ದ. ಒದ್ದ ಕಾಲೇ ನೋಯಿತು.

ಕೊನೆಗೆ ಲಾರಿಯ ಬ್ಯಾಟರಿ ಹೊತ್ತು ತಂದ. ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಎರಡು ವೈರು ಬ್ರಷ್ಷಿಗೆ ತಾಗಿಸಿದ. ಪರೀಕ್ಷೆಗೆಂದು ಜನರೇಟರಿಗೆ ತೂಗುಹಾಕಿದ್ದ ಬಲ್ಬು ಭಗ್ಗನೆ ಹತ್ತಿತು. ವೈರು ತೆಗೆದ, ಆರಿತು. ಮತ್ತೆ ತಾಗಿಸಿದ, ಹತ್ತಿತು.

"ಹೊರಗಿಂದ ಕೊಟ್ರೆ ಹುಟ್ತದೆ, ತಾನಾಗ್ ಹುಟ್ಟಲ್ಲ" ಎಂದ ಸೂರಿಗೆ. "ತಂತಿ ಸುತ್ತು ಸರ್ಯಾಗದೆ ದೊಡ್ಡಪ್ಪ. ಆ ತಂತೀಗ್ ಕರೆಂಟ್ ತಿರುಗ್ಸಿ ಕೊಡೋ ಡಯೋಡೇ ಸತ್ತದೆ."

ಹಿಂದಿನ ಮುಚ್ಚಳ ಬಿಚ್ಚಿದಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಕಾಳಿನಷ್ಟಿದ್ದ, ಕಪ್ಪಗೆ ಸಿಡಿದಿದ್ದ ಡಯೋಡನ್ನು ಅಂಗೈಯಲ್ಲಿಟ್ಟುಕೊಂಡು ಅವನು ಡಂಕನ್ ಮುಂದೆ ನಿಂತ.

"ಬಾಸ್, ಶನಿವಾರ ಭಾನುವಾರ ಈ ಮಿಸಿನ್ ಎಲ್ಲಿತ್ತು?"

"ನನ್ ಮನೇಲಿ. ಏನೀಗ?"

"ನಿಮ್ ಫ್ರೀಜರ್ರು, ಏಸಿ ಎಲ್ಡೂ ಇದ್ಕೇ ಹಾಕಿದ್ರಿ. ಡೀಸೆಲ್ ಉಳೀಲಿ ಅಂತ ಇಂಜಿನ್ ವೇಗ ಇಳ್ಸಿದ್ರಿ. ಕುಂಟೆತ್ತಿಗೆ ಎಲ್ಡ್ ಗಾಡಿ ಕಟ್ಟಿದಂಗೆ. ಅದುಕ್ಕೇ ಇದು ಸುಟ್ಟೋಗಿರೋದು. ಕೆಡ್ಸಿರೋದು ನಾನಲ್ಲ."

ಡಂಕನ್ ಮುಖ ಕೆಂಪಾಯಿತು. ಇಪ್ಪತ್ತು ಜೊತೆ ಕಣ್ಣು ಅವನ ಮೇಲಿದ್ದವು. "ಕಾಡ್ ಮಂಗ ನನಗೇ ಪಾಠ ಹೇಳ್ತದೆ! ಸರಿಮಾಡಕ್ ಆಗ್ತದೋ ಇಲ್ವೋ?"

"ಆಯ್ತದೆ. ಹಳೇ ಲಾರಿ ಡೈನಮೋದಲ್ಲಿ ಡಯೋಡ್ ಅವೆ, ಹಾಕ್ತೀನಿ. ಆದ್ರೆ ನೀವು ಮೊದ್ಲು ಅಡುಗೆ ಶೆಡ್ಡಿಗ್ ಹೋಗಿ. ನನ್ ತಂಗಿ ಮುಂದೆ ತಪ್ಪುಕಾಣಿಕೆ ಇಟ್ಟು, ಆಡಿದ್ ಮಾತು ವಾಪಸ್ ತಗೊಳ್ಳಿ."

ಡಂಕನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆಫೀಸಿನೊಳಗೆ ಹೋದವನು ಎರಡು ಮೀನಿನ ಡಬ್ಬಿ ಹಿಡಿದು ಬಂದ. ಅಡುಗೆ ಶೆಡ್ಡಿನತ್ತ ಎಸೆದ. ಒಂದು ವೆನೆಟಾಳ ಕಾಲ ಬಳಿ ಕೆಸರಿನಲ್ಲಿ ಹೂತುಕೊಂಡಿತು. ಇನ್ನೊಂದು ಉರುಳುತ್ತಾ ಹೋಗಿ ಹಂದಿಯ ಗೂಡು ಸೇರಿತು.

"ತಗೊಳವ್ವಾ ಮಾರಾಣಿ, ನಿನ್ ಕಾಣಿಕೆ! ಇನ್ನು ಕೆಲ್ಸ ನೋಡ್ರೋ."

ಇರೋಮಿಯಾ ಆ ಕಡೆ ತಿರುಗಲಿಲ್ಲ. ತಿರುಗುವಂತಿರಲಿಲ್ಲ. ಅವಳು ಅಳುತ್ತಿದ್ದಾಳೋ ಇಲ್ಲವೋ ಎಂದು ಕೂಡ ಅವನಿಗೆ ತಿಳಿಯಲಿಲ್ಲ.

ಅವನು ಹೋಗಿ ಹಳೆಯ ಲಾರಿಯ ಡೈನಮೋ ಬಿಚ್ಚಿದ. ಡಯೋಡ್ ತಂದು ಬೆಸುಗೆ ಹಾಕಿ ಕೂರಿಸಿದ. ಬ್ಯಾಟರಿಯ ವೈರನ್ನು ಒಮ್ಮೆ ತಾಗಿಸಿ ತೆಗೆದ. ಈ ಸಲ ಬಲ್ಬು ಆರಲಿಲ್ಲ. ತುಂಡು ಕಬ್ಬಿಣಕ್ಕೆ ವೆಲ್ಡಿಂಗ್ ರಾಡ್ ಮುಟ್ಟಿಸಿದಾಗ ನೀಲಿ ಬೆಳಕು ಚಿಮ್ಮಿತು.

"ಭೇಷ್!" ಎಂದ ಡಂಕನ್. "ನಡಿ, ಲೋಡರ್ ಹತ್ರ."

ಇರೋಮಿಯಾ ಇಂಜಿನ್ ಆರಿಸಿದ. ಬೇಲಿಯಾಚೆಯ ತೆಂಗಿನ ಸಸಿಯಿಂದ ಒಂದು ಹಸಿ ಗರಿ ಕಿತ್ತು ತಂದ. ಅದನ್ನು ಸೀಳಿ ಜನರೇಟರಿನ ಹಿಡಿಗೆ ಬಿಗಿಯಾಗಿ ಗಂಟು ಹಾಕಿದ.

"ತಂಬು. ಯಾರೂ ಮುಟ್ಟಂಗಿಲ್ಲ" ಎಂದ.

ಸೂರಿ ಎದ್ದು ನಾಲ್ಕು ಹೆಜ್ಜೆ ಹಿಂದೆ ಸರಿದ. ಮಿಕ್ಕವರೂ ಸರಿದರು. ಗರಿ ಕಟ್ಟಿದ ವಸ್ತುವನ್ನು ಯಾರೂ ಮುಟ್ಟುವುದಿಲ್ಲ, ಕಟ್ಟಿದವನೇ ಬಿಚ್ಚಬೇಕು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರೂ ಮುಟ್ಟುವುದಿಲ್ಲ.

"ಏಯ್ ಸೂರಿ! ನಿಂಗೂ ವೆಲ್ಡಿಂಗ್ ಬರ್ತದಲ್ಲ. ಹಿಡ್ಕೋ ಬಾ."

"ಈ ಕೈಲ್ ಮೂರೇ ಬೆಳ್ಳು ಸ್ವಾಮಿ. ಅವೂ ಉದ್ರೋದ್ರೆ ಮೂಗ್ ಯಾವುದ್ರಲ್ ಸೀಟ್ಲಿ?"

ಯಾರೋ ಕಿಸಕ್ಕನೆ ನಕ್ಕರು. ಅಷ್ಟು ಹೊತ್ತಿಗೆ ಕೊಲ್ಲಿಯಲ್ಲಿ ಹಡಗು ಉದ್ದಕ್ಕೆ ಕೂಗಿತು.

ಡಂಕನ್ ಗರಿಯನ್ನು ಕಿತ್ತು ಕಾಲಲ್ಲಿ ತುಳಿದ. ತಾನೇ ಇಂಜಿನ್ ಹಾಕಿದ, ಕೇಬಲ್ ಎಳೆದುಕೊಂಡು ಹೋಗಿ ಲೋಡರಿನ ಸೀಳಿಗೆ ರಾಡ್ ಒತ್ತಿದ. ಹುಟ್ಟಿದಾಗಿನಿಂದ ಬೇರೆಯವರ ಕೈಯಲ್ಲಿ ಕೆಲಸ ಮಾಡಿಸಿದವನು. ರಾಡ್ ಕಬ್ಬಿಣಕ್ಕೆ ಕಚ್ಚಿಕೊಂಡಿತು. ಇಂಜಿನ್ ನರಳತೊಡಗಿತು. ಇನ್ನೊಂದು ಗಳಿಗೆ ಹೀಗೇ ಇದ್ದರೆ ಹೊಸದಾಗಿ ಹಾಕಿದ ಡಯೋಡೂ ಸುಟ್ಟುಹೋಗುತ್ತಿತ್ತು. ರಾಡ್ ಕೆಂಪಗೆ ಕಾಯುತ್ತಾ ಬಂತು.

"ಬಿಡಿಸ್ರೋ! ಹೆಂಗ್ ಬಿಡಿಸೋದ್ ಇದನ್ನ?"

ಕೈಯಲ್ಲಿರುವ ಹಿಡಿಕೆಯ ಕ್ಲಿಪ್ಪನ್ನು ಒತ್ತಿದರೆ ರಾಡ್ ಬಿಟ್ಟುಕೊಳ್ಳುತ್ತದೆ. ಅಲ್ಲಿದ್ದ ಇಪ್ಪತ್ತು ಜನಕ್ಕೂ ಅದು ಗೊತ್ತಿತ್ತು. ಒಬ್ಬನೂ ಬಾಯಿ ಬಿಡಲಿಲ್ಲ.

"ಇರೋಮಿಯಾ! ಏನ್ ಬೇಕೋ ನಿಂಗೆ? ಹೇಳೋ, ಏನ್ ಕೊಡ್ಲಿ?"

"ನಂಗೇನೂ ಬ್ಯಾಡ." ಇರೋಮಿಯಾ ತಿರುಗಿ ನೋಡದೆ, ಬೆನ್ನ ಹಿಂದಿನ ಅಡುಗೆ ಶೆಡ್ಡಿನತ್ತ ಕೈ ತೋರಿಸಿದ. "ಅವ್ಳುನ್ನ ಕೇಳು."

ಡಂಕನ್ ಅತ್ತ ನೋಡಿದ. ಒಂದು ಹೆಜ್ಜೆಯನ್ನೂ ಇಡಲಿಲ್ಲ. ಹೊಗೆ ಕಾರುವ ಇಂಜಿನ್ನಿನ ಸದ್ದಿನಲ್ಲಿ, ಕಚ್ಚಿಕೊಂಡ ರಾಡಿನ ಹಿಡಿಕೆಯನ್ನು ಎರಡೂ ಕೈಯಿಂದ ಜಗ್ಗುತ್ತಲೇ ಇದ್ದ.