ಉಣ್ಣೆ ಕತ್ತರಿ ಕುರಿಗೇ ಇರಲಿ

ಗಬ್ಬೂರಿನ ಹತ್ತಿರ ಒಂದು ಕುರಿಗಾರರ ಹಟ್ಟಿ ಇದೆ. ಅಲ್ಲಿ ಭೀಮವ್ವ ಅಂದರೆ ಎಲ್ಲರಿಗೂ ಗೊತ್ತು. ಗಟ್ಟಿ ಬಾಯಿ, ಅದಕ್ಕಿಂತ ಗಟ್ಟಿ ಕೈ. ಹಟ್ಟಿಯಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಮೊದಲು ಓಡಿಬರುವವಳು ಅವಳೇ. ಅರ್ಧ ಹಟ್ಟಿ ಅವಳ ಕೈಯಲ್ಲೇ ಹುಟ್ಟಿದ್ದು.

ಇಂಥ ಭೀಮವ್ವನ ಸ್ವಂತ ಮನೆಯಲ್ಲಿ ಮಾತ್ರ ತೊಟ್ಟಿಲು ತೂಗಲಿಲ್ಲ. ಸೊಸೆ ಹಂಪಮ್ಮನಿಗೆ ತವರಿನಲ್ಲಿ ತಾಯಿ ಇರಲಿಲ್ಲ, ಹಾಗಾಗಿ ಹೆರಿಗೆ ಅತ್ತೆಯ ಮನೆಯಲ್ಲೇ ಆಗುತ್ತಿತ್ತು. ಮೊದಲು ಗಂಡು ಕೂಸು, ಆಮೇಲೆ ಹೆಣ್ಣು. ಎರಡೂ ಹುಟ್ಟಿದಾಗ ಗುಂಡು ಗುಂಡಾಗಿದ್ದವು, ಚೆನ್ನಾಗಿ ಹಾಲು ಕುಡಿದವು. ಆದರೆ ಹೆಸರಿಡುವ ಮೊದಲೇ ಬಾಯಿ ಕಟ್ಟಿತು. ಮೊಲೆ ಹಿಡಿಯಲಾಗದೆ, ಮೈ ಬಿಲ್ಲಿನಂತೆ ಬಾಗಿ, ಮುಟ್ಟಿದರೆ ಸಾಕು ಸೆಟೆದುಕೊಳ್ಳುತ್ತ ತೀರಿಹೋದವು.

"ಗಾಳಿ ಆಗ್ಯಾದ" ಎಂದಿತು ಹಟ್ಟಿ. ತಾಯಿತ ಕಟ್ಟಿದರು, ಕೋಳಿ ನೀವಾಳಿಸಿದರು. ಕೊನೆಗೆ ಸೊಸೆಯ ಕಾಲ್ಗುಣವೇ ಸರಿಯಿಲ್ಲ ಎಂದರು. ಹೇಳಲು ಹೊಟ್ಟೆ ಉರಿಯುತ್ತದೆ. ಎದೆ ತುಂಬ ಹಾಲು ಕಟ್ಟಿಕೊಂಡು ಆ ತಾಯಿ ಮೂಲೆಯಲ್ಲಿ ಕೂತಿದ್ದರೆ, ಜನ ಅವಳ ಕಾಲ್ಗುಣ ನೋಡುತ್ತಿದ್ದರು!

ಈಗ ಹಂಪಮ್ಮ ಮತ್ತೆ ಬಸುರಿ. ಈ ಕೂಸಾದರೂ ಉಳಿಯಲಿ ಎಂದು ಗಂಡ ಸಾಬಣ್ಣ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದ.

ಒಂದು ಮುಂಜಾನೆ ಉಪಕೇಂದ್ರದ ನರ್ಸ್ ಅಸ್ಮತ್ ಹಟ್ಟಿಗೆ ಬಂದಳು. ಕೈಯಲ್ಲಿ ಔಷಧದ ಡಬ್ಬಿ, ಸೀರೆಯ ಅಂಚಿಗೆಲ್ಲ ಎರೆಮಣ್ಣು. ಅವಳನ್ನು ಕಂಡಿದ್ದೇ ತಡ, ಭೀಮವ್ವ ಬಾಗಿಲಿಗೆ ಅಡ್ಡ ನಿಂತಳು.

"ಬರ್ರಿ ನರ್ಸಬಾಯಿ. ನೀರು ಕುಡೀರಿ, ಕುಂದರ್ರಿ. ಆದ್ರ ನಮ್ಮ ಹುಡಿಗಿಗಿ ಸೂಜಿ ಮಾತ್ರ ಬ್ಯಾಡ."

"ಯಾಕ ಯವ್ವಾ?"

"ಬಸುರಿಗಿ ಸೂಜಿ ಚುಚ್ಚಿದ್ರ ಕೂಸು ಬಿದ್ದು ಹೋಗ್ತದ. ಮತ್ತ ಎಮರ್ಜೆನ್ಸಿದಾಗ ಗಂಡಸ್ರನ್ನ ಜೀಪಿನಾಗ ತುಂಬಿಕೊಂಡು ಹೋಗಿ ಮಕ್ಕಳಾಗದಂಗ ಆಪರೇಷನ್ ಮಾಡಿಸಿದ್ದು ಮರ್ತೀವೇನು? ಈಗ ಹೆಂಗಸರ ಪಾಳಿ ಬಂತೇನು?"

ಅಸ್ಮತ್‌ಗೆ ಸಿಟ್ಟು ಬರಲಿಲ್ಲ. ಹಾಗೆ ಹೆದರಿದ ಮನೆಗಳನ್ನು ಅವಳು ಬಹಳ ನೋಡಿದ್ದಳು.

"ಆಗ ಆಗಿದ್ದು ತಪ್ಪೇ ಯವ್ವಾ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಇದು ಮಕ್ಕಳಾಗೋದು ನಿಲ್ಲಿಸೋ ಸೂಜಿ ಅಲ್ಲ, ಮಕ್ಕಳನ್ನ ಉಳಿಸೋ ಸೂಜಿ. ಧನುರ್ವಾಯು ಬರದಂಗ ಕಾಯ್ತದ. ನಾನೂ ಬಸುರಿದ್ದಾಗ ಹಾಕಿಸಿಕೊಂಡೀನಿ, ನನ್ನ ಮಗಳು ಈಗ ಸಾಲಿಗಿ ಹೋಗಾಕತ್ತಾಳ. ಇರ್ಲಿ, ಹಿಂದಿನ ಎರಡೂ ಕೂಸು ಹ್ಯಾಂಗ ಹೋದ್ವು?"

ಅಲ್ಲಿಯವರೆಗೆ ಒಳಗೇ ಇದ್ದ ಹಂಪಮ್ಮ ಹೊಸ್ತಿಲಿಗೆ ಬಂದಳು. "ಬಾಯಿ ಕಟ್ಟಿತ್ರೀ. ಅಳಾಕೂ ಬರಲಿಲ್ಲ ಅವಕ್ಕ" ಎಂದಳು.

ಅಸ್ಮತ್ ಭೀಮವ್ವನ ಕಡೆ ತಿರುಗಿ ಕೇಳಿದಳು: "ಹೊಕ್ಕಳ ಬಳ್ಳಿ ಯಾತರಿಂದ ಕೊಯ್ದ್ರಿ ಯವ್ವಾ?"

ಭೀಮವ್ವನ ಮುಖ ಅರಳಿತು. ಗೂಟಕ್ಕೆ ನೇತು ಹಾಕಿದ್ದ ಉಣ್ಣೆ ಕತ್ತರಿಯನ್ನು ತೋರಿಸಿದಳು. "ಇದ್ರಿಂದ. ನಮ್ಮ ಮಾವನ ಕಾಲದ್ದು. ಹಬ್ಬಕ್ಕ ದೇವರ ಮುಂದ ಇಟ್ಟು ಭಂಡಾರ ಹಚ್ಚತೀವಿ. ಕುರುಬರ ಕೂಸಿಗಿ ಕುರಿ ಕತ್ತರಿನೇ ತಾಗಬೇಕು, ಅಂದ್ರ ಹಿಂಡು ಬೆಳೀತದ. ಕೊಯ್ದ ಮ್ಯಾಲ ಕುರಿ ಹಿಕ್ಕಿ ಸುಟ್ಟ ಬೂದಿ ಹಚ್ಚಿದ್ರ ಹೊಕ್ಕಳ ಲಗೂನ ಒಣಗ್ತದ."

"ಯವ್ವಾ, ಹಂಗ ಬಾಯಿ ಕಟ್ಟೋದೇ ಧನುರ್ವಾಯು. ಅದರ ವಿಷ ಹಿಕ್ಕಿಯೊಳಗ, ಮಣ್ಣಿನೊಳಗ ಇರ್ತದ. ಕುರಿ ಉಣ್ಣೆ ಕತ್ತರಿಸೋ ಕತ್ತರಿಗಿ ಅದು ಅಂಟಿರ್ತದ. ಹಸಿ ಹೊಕ್ಕಳಿನಿಂದ ಕೂಸಿನ ಮೈಯಾಗ ಹೋಗ್ತದ. ಗಾಳಿ ಅಲ್ಲ, ದೃಷ್ಟಿ ಅಲ್ಲ. ಹಂಪಮ್ಮನ ಕಾಲ್ಗುಣಾನೂ ಅಲ್ಲ."

ಭೀಮವ್ವ ಕೆಂಡವಾದಳು.

"ಅಂದ್ರ ನನ್ನ ಮೊಮ್ಮಕ್ಕಳನ್ನ ನಾನೇ ಕೊಂದೀನಿ ಅಂತೀಯೇನು? ಇದೇ ಕತ್ತರಿಲೇ ಹಟ್ಟಿ ತುಂಬ ಕೂಸು ಹುಟ್ಟ್ಯಾವ. ಅವೆಲ್ಲ ಸತ್ತಾವೇನು?"

"ಎಲ್ಲಾ ಸಾಯಂಗಿಲ್ಲ ಯವ್ವಾ. ಕೆಲವಕ್ಕ ವಿಷ ಏರಂಗಿಲ್ಲ, ಬದುಕ್ತಾವ. ಬಾಯಿ ಕಟ್ಟಿ ಹೋದವು ಎಷ್ಟು, ಅದನ್ನ ನೀವೇ ಹೇಳ್ರಿ."

ಭೀಮವ್ವ ಮನಸ್ಸಿನಲ್ಲೇ ಎಣಿಸತೊಡಗಿದಳು. ಕನಕಪ್ಪನ ಮನೆಯ ಕೂಸು, ಬಂಡೆಮ್ಮನದು, ಅವಳ ಸ್ವಂತ ತಂಗಿಯ ಮಗಳದು. ಆಕೆಯ ಕಣ್ಣ ಮುಂದೆ ಇನ್ನೂ ಯಾವ ಯಾವ ಮನೆ ಬಂದವೋ ಆಕೆಗೇ ಗೊತ್ತು.

ಆಗ ಹಟ್ಟಿಯ ಮುಳ್ಳುಬೇಲಿ ಸರಿಪಡಿಸುತ್ತಿದ್ದ ಸಾಬಣ್ಣ ಕೆಲಸ ಬಿಟ್ಟು ಬಂದ. ತಾಯಿಗೆ ಎದುರಾಡಿದವನಲ್ಲ ಅವನು.

"ಯವ್ವಾ, ಹೋದ ವರ್ಷ ಗುರ್ತಿಗಂತ ಮರಿಗಳ ಕಿವಿ ಕೊಯ್ದಿದ್ವಿ. ಎರಡು ಮರಿ ಕಾಲು ಸೆಟಿಸಿ, ಬಾಯಿ ಕಟ್ಟಿ ಸತ್ತವು. ನೆನಪದ ಏನು?"

"ಅದಕ್ಕೇನೀಗ?"

"ಗಾಯಕ್ಕ ಹೊಲಸು ತಾಗ್ಯಾದ ಅಂತ ಆಗ ನೀನೇ ಅಂದಿ. ಮರಿಗಿ ಹೊಲಸು ತಾಗ್ತದ ಅಂದ್ರ ಕೂಸಿಗಿ ತಾಗಂಗಿಲ್ಲೇನು?"

ಭೀಮವ್ವ ಗೋಡೆಗೆ ಒರಗಿ ಕೂತಳು. ಒಪ್ಪುವುದು ಅವಳಿಗೆ ಯಾಕಷ್ಟು ಕಷ್ಟವಾಯಿತು ಗೊತ್ತೇ? ನರ್ಸಬಾಯಿಯ ಮಾತು ಸುಳ್ಳಾದರೆ ತಪ್ಪೆಲ್ಲ ಗಾಳಿಯದು. ನಿಜವಾದರೆ ತಪ್ಪು ತನ್ನ ಕೈಯದು. ಪ್ರೀತಿಯಿಂದ ಮಾಡಿದ ಕೆಲಸವೇ ಮೊಮ್ಮಕ್ಕಳನ್ನು ಮಣ್ಣು ಮಾಡಿತು ಎಂದು ಯಾವ ಅಜ್ಜಿಗೆ ತಾನೇ ಒಪ್ಪಲು ಮನಸ್ಸಾಗುತ್ತದೆ? ಎಷ್ಟೋ ಮನೆಗಳಲ್ಲಿ ಹಿರಿಯರು ಹಟ ಹಿಡಿಯುವುದು ತಿಳಿಯದೆ ಅಲ್ಲ, ಈ ಸಂಕಟಕ್ಕೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಹುಡಿಗಿನ್ನ ಒಳಗ ಕರಕೊಂಡು ಹೋಗ್ರಿ ನರ್ಸಬಾಯಿ. ಸೂಜಿ ಹಾಕ್ರಿ" ಎಂದಳು. ತಿಂಗಳ ಮೇಲೆ ಎರಡನೇ ಸೂಜಿಗೆ ಸೊಸೆಯನ್ನು ಉಪಕೇಂದ್ರಕ್ಕೆ ಕರೆದುಕೊಂಡು ಹೋದವಳೂ ಭೀಮವ್ವನೇ. ದಾರಿಯುದ್ದಕ್ಕೂ ಅತ್ತೆ ಮುಂದೆ, ಸೊಸೆ ಹಿಂದೆ.

ಹೆರಿಗೆಗೆ ಅಸ್ಮತ್ ಬಂದಳು. ಸಾಬೂನಿನಿಂದ ಕೈ ತೊಳೆದುಕೊಂಡಳು. ಹೊಸ ಬ್ಲೇಡು, ದಾರ ಎರಡನ್ನೂ ಕುದಿಸಿದ ಮೇಲೆಯೇ ಹೊಕ್ಕಳ ಬಳ್ಳಿ ಕಟ್ಟಿ ಕೊಯ್ದಳು. ಮೇಲೆ ಏನನ್ನೂ ಹಚ್ಚಲಿಲ್ಲ. ಬೂದಿ ಇಲ್ಲದ ಬರಿ ಹೊಕ್ಕಳನ್ನು ನೋಡಿ ಏನಾದರೂ ಹಚ್ಚಲು ಭೀಮವ್ವನ ಕೈ ತುಡಿಯಿತು. ಎರಡೂ ಕೈಯನ್ನು ಕಂಬಳಿಯೊಳಗೆ ಬಿಗಿಯಾಗಿ ಮಡಚಿಕೊಂಡು ಕೂತಳು.

ಹೆಣ್ಣು ಕೂಸು. ಹೊಕ್ಕಳು ತಾನಾಗಿಯೇ ಒಣಗಿ ಬಿತ್ತು. ಹೆಸರಿಡುವ ದಿನ ಬಂದರೂ ಕೂಸು ಚಪ್ಪರಿಸಿ ಹಾಲು ಕುಡಿಯುತ್ತಿತ್ತು, ಹಟ್ಟಿಗೆಲ್ಲ ಕೇಳುವಂತೆ ಅಳುತ್ತಿತ್ತು. ಎಲ್ಲರೂ ನಕ್ಕರು. ಭೀಮವ್ವ ಮಾತ್ರ ಹಿತ್ತಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ಹಂಪಮ್ಮ ಕೂಸನ್ನು ಎತ್ತಿಕೊಂಡು ಅಲ್ಲಿಗೇ ಬಂದಳು.

"ಅವೆರಡೂ ಮೊದ್ಲು ಹಿಂಗೇ ಅಳ್ತಿದ್ವು, ಹಂಪಿ. ಇಷ್ಟು ಸಣ್ಣ ಕೆಲಸ ಆಗ ತಿಳಿದಿದ್ರ ಅವೂ ಇರ್ತಿದ್ವು. ನನ್ನ ಮ್ಯಾಲ ಸಿಟ್ಟದ ಏನು ನಿನಗ?"

"ಅದ ಅತ್ತಿ" ಎಂದಳು ಹಂಪಮ್ಮ. ಅವಳು ಸುಳ್ಳು ಹೇಳಲಿಲ್ಲ. ಕೂಸನ್ನು ಅತ್ತೆಯ ಮಡಿಲಿಗೆ ಹಾಕಿದಳು. "ಆದ್ರ ನೀವು ಇಲ್ಲಿ ಕುಂತು ಅಳಬ್ಯಾಡ್ರಿ. ಬಂಡೆಮ್ಮನ ಸೊಸಿ ಬಸುರಿ ಆಗ್ಯಾಳ. ನಾ ಹೇಳಿದ್ರ ಕೇಳಂಗಿಲ್ಲ, ನೀವು ಹೇಳಿದ್ರ ಕೇಳ್ತಾರ. ಹೋಗಿ ಹೇಳಿ ಬರ್ರಿ."

ಭೀಮವ್ವ ಕೂಸನ್ನು ಎದೆಗೆ ಒತ್ತಿಕೊಂಡೇ ಬಂಡೆಮ್ಮನ ಬಾಗಿಲಿಗೆ ಹೋದಳು. ನಡೆದದ್ದನ್ನೆಲ್ಲ, ತನ್ನ ಕೈಯ ತಪ್ಪನ್ನೂ ಬಿಡದೆ ಹೇಳಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಕುರಿ ಕತ್ತರಿ ಇಲ್ಲದಿರಬಹುದು. ಕುಡುಗೋಲಿದ್ದೀತು, ಈಳಿಗೆ ಇದ್ದೀತು, ಹಚ್ಚಲು ಸಗಣಿ ಇದ್ದೀತು. ಅವನ್ನು ಕೂಸಿನ ಹೊಕ್ಕಳಿನ ಹತ್ತಿರ ತರಬೇಡಿ. ಬಸುರಿಗೆ ಧನುರ್ವಾಯುವಿನ ಎರಡು ಸೂಜಿ ತಪ್ಪದೆ ಹಾಕಿಸಿ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಹೆರಿಗೆಗೆ ನರ್ಸಬಾಯಿಯನ್ನು ಇಲ್ಲವೆ ತರಬೇತಿ ಪಡೆದ ಸೂಲಗಿತ್ತಿಯನ್ನು ಕರೆಯಿರಿ. ತೊಳೆದ ಕೈ, ಕುದಿಸಿದ ಹೊಸ ಬ್ಲೇಡು, ಕುದಿಸಿದ ದಾರ ಇರಲಿ. ಹೊಕ್ಕಳಿಗೆ ಏನನ್ನೂ ಹಚ್ಚಬೇಡಿ.

ನನಗೆ ಗೊತ್ತಿರಲಿಲ್ಲ ಎಂದು ಭೀಮವ್ವ ಅಳಬಹುದು. ಈ ಕಥೆ ಕೇಳಿದ ನೀವು ಇನ್ನು ಹಾಗೆ ಹೇಳುವಂತಿಲ್ಲ. ನಿಮ್ಮ ಓಣಿಯಲ್ಲಿ ಬಸುರಿ ಯಾರಿದ್ದಾರೆ? ಇವತ್ತೇ ಅವರ ಮನೆಗೆ ಹೋಗಿ ಹೇಳಿ.