ಬಾಗಿಲ ಹಿಂದಿನ ನಾಲ್ಕು ತೂತು

ಪುಷ್ಪಮ್ಮ ಗ್ರೈಂಡರಿನ ಕಲ್ಲಿಗೆ ಅಂಟಿದ್ದ ದೋಸೆಹಿಟ್ಟನ್ನು ಬೆರಳಿನಿಂದ ಬಳಿದು ಪಾತ್ರೆಗೆ ಹಾಕುತ್ತಿದ್ದಳು. ನಡುಮನೆಯಿಂದ ಗಂಡ ಪುಟ್ಟಯ್ಯನ ದನಿ ಕೇಳಿತು.

"ವಸಂತಮ್ಮಂಗೆ ಇವತ್ತೇ ಅಡ್ವಾನ್ಸ್ ಕಳಿಸಿಬಿಡ್ತೀನಿ ಕಣೆ. ರೂಮು ಬೇರೆಯವರ ಪಾಲಾದ್ರೆ ಕಷ್ಟ."

ಅವಳ ಕೈ ನಿಂತಿತು. "ಸ್ವಲ್ಪ ತಡೀರಿ."

"ಇನ್ನೇನು ತಡೆಯೋದು? ನಮ್ಮಕ್ಕನ ನಾದಿನಿ. ಹೊರಗಿನವರಾ? ಬಾಡಿಗೆ ಬೇರೆ ಅರ್ಧಕ್ಕರ್ಧ ಕಮ್ಮಿ."

ಮಗಳು ಭೂಮಿಕಾಳಿಗೆ ಶಿವಮೊಗ್ಗದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಬೆಳಿಗ್ಗೆ ಏಳಕ್ಕೆಲ್ಲ ಆಸ್ಪತ್ರೆಯಲ್ಲಿರಬೇಕು. ಭದ್ರಾವತಿಯ ಕಾಗದನಗರದಿಂದ ದಿನಾ ಹೋಗಿಬರುವುದು ಆಗದ ಮಾತು. ಹಾಸ್ಟೆಲ್ ಭರ್ತಿಯಾಗಿತ್ತು. ಹಾಗಾಗಿ ಕಳೆದ ಭಾನುವಾರ ಗಂಡ ಹೆಂಡತಿ ಹೋಗಿ, ಊರಂಚಿನ ಹೊಸ ಬಡಾವಣೆಯಲ್ಲಿ ವಸಂತಮ್ಮನ ಮನೆಯ ಮಹಡಿ ರೂಮು ನೋಡಿ ಬಂದಿದ್ದರು.

ವಸಂತಮ್ಮ ಕಾಫಿ ಕೊಟ್ಟಳು, ಕುಂಕುಮ ಕೊಟ್ಟಳು, "ನಿಮ್ಮ ಮಗಳು ನನ್ನ ಮಗಳಲ್ವಾ" ಎಂದು ಮೂರು ಸಲ ಹೇಳಿದಳು. ಆ ಮೂರನೆಯ ಸಲ ಪುಷ್ಪಮ್ಮನಿಗೆ ಏನೋ ಚುಚ್ಚಿತು. ರೂಮಿನಲ್ಲಿ ಆಗಲೇ ಇದ್ದ ಲಿಖಿತಾ ಎಂಬ ಹುಡುಗಿ "ಚೆನ್ನಾಗಿದೆ ಆಂಟಿ" ಎಂದು ಹೇಳಿದ್ದು ಪುಷ್ಪಮ್ಮನಿಗೆ, ನೋಡಿದ್ದು ವಸಂತಮ್ಮನ ಮುಖವನ್ನು. ಬಾಗಿಲ ಹಿಂದೆ, ಚಿಲಕ ಇರಬೇಕಾದ ಕಡೆ, ನಾಲ್ಕು ತೂತುಗಳಿಗೆ ಪುಟ್ಟಿ ತುಂಬಿ ಬಣ್ಣ ಬಳಿದಿತ್ತು. ಬೆರಳಿಟ್ಟು ಸವರಿದಳು. ಚಿಲಕ ಮುರಿದು ಬಿದ್ದದ್ದಲ್ಲ, ಬಿಚ್ಚಿ ತೆಗೆದದ್ದು.

"ಹುಡುಗೀರು ಒಳಗಿಂದ ಹಾಕ್ಕೊಂಡು ಫೋನಲ್ಲೇ ಕೂತಿರ್ತಾವೆ. ಅದಕ್ಕೇ ತೆಗೆಸಿದ್ವಿ," ಎಂದಳು ವಸಂತಮ್ಮ. "ಒಂದು ಕೀಲಿ ನಮ್ಮ ಹತ್ರಾನೇ ಇರುತ್ತೆ. ನಮ್ಮನೆಯವರು ದಿನಾ ಒಂದ್ಸಲ ನೋಡ್ಕೊಂಡು ಬರ್ತಾರೆ. ನೀವೇನೂ ಚಿಂತೆ ಮಾಡ್ಬೇಡಿ."

ಚಿಂತೆ ಹುಟ್ಟಿದ್ದೇ ಆಗ.

ಅಡ್ವಾನ್ಸನ್ನು ಹೇಗೋ ಒಂದು ದಿನ ಮುಂದೂಡಿಸಿ, ಅಂದು ಸಂಜೆ ಮಹಿಳಾ ಸಂಘದ ಸಭೆ ಮುಗಿದ ಮೇಲೆ ಅವಳು ಜಯಶೀಲಾಳನ್ನು ಪಕ್ಕಕ್ಕೆ ಕರೆದು ರೂಮಿನ ವಿಷಯ ಹೇಳಿದಳು. ಜಯಶೀಲಾ ಹದಿನೈದು ವರ್ಷದಿಂದ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಹೊಲಿಗೆ ಅಂಗಡಿಯ ಕೆಲಸಕ್ಕೆ ಹೋಗುವವಳು. ಓದಲು ಬಂದ ಹುಡುಗಿಯರು ಯೂನಿಫಾರಂ ಹೊಲಿಸಲು ಬಂದು, ಅಳತೆ ಕೊಡುತ್ತಾ ತಮ್ಮ ಕಷ್ಟಸುಖವನ್ನೂ ಹೇಳಿ ಹೋಗುತ್ತಿದ್ದರು.

"ರೂಮು ಎಷ್ಟು ಹೊತ್ತಿಗೆ ನೋಡಿದ್ರಿ ಪುಷ್ಪಕ್ಕ?"

"ಬೆಳಿಗ್ಗೆ ಹನ್ನೊಂದಕ್ಕೆ."

"ಹನ್ನೊಂದು ಗಂಟೆಗೆ ಯಾವ ಬೀದಿ ಕೆಟ್ಟದಾಗಿರುತ್ತೆ ಮಾರಾಯ್ತಿ! ಮಗಳು ಡ್ಯೂಟಿ ಬಿಟ್ಟು ಬರೋ ಹೊತ್ತಿಗೆ ಹೋಗಿ. ಬಸ್ ಸ್ಟಾಪಿಂದ ಮನೆ ತನಕ ನಡೀರಿ, ಆಟೋ ಹತ್ಬೇಡಿ. ಆ ಹುಡುಗೀನ ಮನೆಯಿಂದ ಹೊರಗೆ ಸಿಕ್ಕಾಗ ಕೇಳಿ."

"ಬಾಡಿಗೆ ಕಮ್ಮಿ ಅಂತ ಇವರು..."

"ದಿನಾ ಆಟೋಗೆ ಕೊಡೋದನ್ನೂ ಸೇರಿಸಿ ನೋಡ್ಲಿ. ಅಗ್ರಿಮೆಂಟ್, ರಸೀದಿ?"

"ನಮ್ಮವರ ಮಧ್ಯೆ ಅದೆಲ್ಲ ಯಾಕೆ ಅಂದ್ಲು."

"ನಮ್ಮವರಾದ್ರೆ ಬರೆದುಕೊಡೋಕೆ ಏನಂತೆ ಭಯ?"

ಮನೆಗೆ ಬಂದು ಹೇಳಿದಾಗ ಪುಟ್ಟಯ್ಯ ನಕ್ಕ. "ಆ ಜಯಶೀಲಾಗೆ ಯಾವ ಮನೆಯವರು ಕಮಿಷನ್ ಕೊಡ್ತಾರೋ! ನಿಂಗೆ ಎಲ್ಲರ ಮೇಲೂ ಅನುಮಾನ."

ಮೂವತ್ತು ವರ್ಷದ ಹಿಂದೆ ಪುಷ್ಪಮ್ಮನೂ ಶಿವಮೊಗ್ಗದಲ್ಲಿ ಪಿಯುಸಿಗೆ ಸೇರಿ ನೆಂಟರ ಮನೆಯಲ್ಲಿದ್ದಳು. ಆ ಕೋಣೆಗೂ ಒಳಗಿನ ಚಿಲಕ ಇರಲಿಲ್ಲ. ದಿನಾ ಮಲಗುವ ಮುಂಚೆ ತನ್ನ ಟ್ರಂಕನ್ನು ಬಾಗಿಲಿಗೆ ಅಡ್ಡ ಎಳೆಯುತ್ತಿದ್ದಳು. ಆರೇ ತಿಂಗಳಿಗೆ ಓದು ಬಿಟ್ಟು ಬಂದಳು. ಓದು ತಲೆಗೆ ಹತ್ತಲಿಲ್ಲ ಎಂದು ಎಲ್ಲರೂ ಅಂದರು. ಇವತ್ತಿಗೂ ಹಾಗೇ ಅನ್ನುತ್ತಾರೆ. ಅವಳು ಯಾರಿಗೂ ಅಲ್ಲವೆಂದಿಲ್ಲ.

"ಹೌದು, ಅನುಮಾನಾನೇ," ಎಂದಳು. "ಒಂದ್ಸಲ ಸಂಜೆ ಹೋಗಿಬರೋಣ. ಆಮೇಲೆ ನೀವು ಹೇಳಿದ ಹಾಗೆ."

ಮರುದಿನ ಬಡಾವಣೆಯ ಸ್ಟಾಪಿನಲ್ಲಿ ಇಳಿದಾಗ ಏಳು ಗಂಟೆ. ಮುಖ್ಯರಸ್ತೆ ಬಿಟ್ಟ ಕೂಡಲೇ ಕತ್ತಲೆ. ಕಂಬಗಳಿದ್ದವು, ದೀಪಗಳಿರಲಿಲ್ಲ. ಖಾಲಿ ಸೈಟುಗಳಲ್ಲಿ ಆಳೆತ್ತರದ ಪೊದೆ. ಹಿಂದಿನಿಂದ ಬಂದ ಬೈಕೊಂದು ಪುಷ್ಪಮ್ಮನ ಪಕ್ಕದಲ್ಲಿ ನಿಧಾನವಾಯಿತು. ಮುಂದೆ ನಡೆಯುತ್ತಿದ್ದ ಪುಟ್ಟಯ್ಯನನ್ನು ಕಂಡೊಡನೆ ಜೋರಾಗಿ ಹೊರಟುಹೋಯಿತು. ಪುಟ್ಟಯ್ಯ ಮೊಬೈಲ್ ಟಾರ್ಚ್ ಹಾಕಿದ.

ಹಿಂದೆ ಯಾರೋ ಓಡಿಬರುವ ಸದ್ದು. ಲಿಖಿತಾ.

"ಆಂಟಿ, ನಿಮ್ಮ ಜೊತೆ ಬರ್ಲಾ?"

ನಾಲ್ಕು ಹೆಜ್ಜೆ ನಡೆದ ಮೇಲೆ ಪುಷ್ಪಮ್ಮ ಕೇಳಿದಳು. "ಈಗ ನಿಜ ಹೇಳಮ್ಮ. ರೂಮು ಹೇಗಿದೆ?"

"ಈ ತಿಂಗಳಿಗೇ ಬಿಡ್ತೀನಿ ಆಂಟಿ. ಅಂಕಲ್ ಬಾಗಿಲು ತಟ್ಟದೆ ಒಳಗೆ ಬರ್ತಾರೆ. ನಾನು ಬಾಗಿಲಿಗೆ ಮೇಜು ಒತ್ತಿ ಮಲಗ್ತೀನಿ."

ಪುಷ್ಪಮ್ಮನ ಅಂಗೈಗೆ ಹಳೆಯ ಟ್ರಂಕಿನ ಹಿಡಿ ತಗುಲಿದಂತಾಯಿತು. ಪುಟ್ಟಯ್ಯ ನಿಂತುಬಿಟ್ಟ.

"ನಿಮ್ಮ ಅಮ್ಮಂಗೆ ಫೋನ್ ಮಾಡು ಮಗಾ," ಎಂದ. "ನಾವಿಬ್ಬರೂ ಬರ್ತೀವಿ, ನಿನ್ನ ಬಟ್ಟೆ ಬರೆ ತಗೋ. ಇವತ್ತು ನಮ್ಮನೇಲಿರು."

ಆಮೇಲೆ ಜಯಶೀಲಾ ಹೇಳಿದ ಮೂರು ಮನೆ ನೋಡಿದರು. ಕೊನೆಯದು ಕಾಲೇಜಿನ ಹತ್ತಿರ, ಹೊಸಮನೆ ಬಡಾವಣೆಯ ವೀರಮ್ಮನದು. ಕಾಫಿಯಿಲ್ಲ, ನಗುವಿಲ್ಲ.

"ಅಗ್ರಿಮೆಂಟ್ ಮಾಡಿಸಿ. ಆಧಾರ್ ಜೆರಾಕ್ಸ್ ಕೊಡಿ. ಬೀಗ ನೀವೇ ತನ್ನಿ. ಮಕ್ಕಳ ರೂಮಿಗೆ ನಾನು ತಟ್ಟದೆ ಬರಲ್ಲ, ನನ್ನ ಅಡುಗೆಮನೆಗೆ ಅವರು ಕೇಳದೆ ಬರೋ ಹಾಗಿಲ್ಲ."

ಪುಷ್ಪಮ್ಮ ಅವಳನ್ನೂ ನಂಬಲಿಲ್ಲ. ಚಿಲಕವನ್ನು ಮೂರು ಸಲ ಹಾಕಿ ತೆಗೆದಳು. ಹೊರಗಿನಿಂದ ಬಚ್ಚಲ ಕಿಟಕಿ ಎಟುಕುತ್ತದೆಯೇ ಎಂದು ಕೈ ಚಾಚಿ ನೋಡಿದಳು. ಸಂಜೆ ಮತ್ತೆ ಬಂದಳು. ಬೀದಿಯಲ್ಲಿ ದೀಪವಿತ್ತು, ತೆರೆದ ಅಂಗಡಿಗಳಿದ್ದವು, ಜಗಲಿಗಳ ಮೇಲೆ ಹೆಂಗಸರು ಕೂತಿದ್ದರು. ಆಮೇಲೆ ಒಪ್ಪಿದಳು.

ಬಾಡಿಗೆ ಹೆಚ್ಚಿತ್ತು. ಆದರೆ ಲಿಖಿತಾ ಜೊತೆಗೆ ಬಂದಳು, ಬಾಡಿಗೆ ಇಬ್ಬರಿಗೆ ಹಂಚಿಹೋಯಿತು. ಕಾಲೇಜಿಗೆ ನಡೆದೇ ಹೋಗಬಹುದು.

"ಲೆಕ್ಕ ಹಾಕಿದ್ರೆ ಇದೇ ಅಗ್ಗ ಕಣೆ," ಎಂದ ಪುಟ್ಟಯ್ಯ. "ಜಯಶೀಲಾಗೆ ಕಮಿಷನ್ ನಾನೇ ಕೊಡ್ಬೇಕು."

"ಒಂದು ಮಸಾಲೆ ದೋಸೆ ಸಾಕಂತೆ. ಕೇಳಿದೀನಿ."

ಹೊಸ ಬೀಗಕ್ಕೆ ಮೂರು ಕೀಲಿಗಳಿದ್ದವು. ಎರಡು ಹುಡುಗಿಯರಿಗೆ. ಮೂರನೆಯದನ್ನು ಪುಷ್ಪಮ್ಮ ಯಾರಿಗೂ ಕಾಣದಂತೆ ತನ್ನ ಗೊಂಚಲಿಗೆ ಸೇರಿಸಿಕೊಂಡಿದ್ದಳು. ಹುಡುಗಿಯರನ್ನು ರೂಮಿಗೆ ಬಿಟ್ಟು ಬರುವಾಗ, ಭದ್ರಾವತಿಯ ಬಸ್ಸಿನಲ್ಲಿ ಕೂತು ಅದನ್ನು ಮುಟ್ಟಿ ನೋಡಿದಳು. ನನ್ನ ಮಗಳಲ್ವಾ, ಎಂದುಕೊಂಡಳು. ಅಂದುಕೊಂಡ ಕೂಡಲೇ ವಸಂತಮ್ಮನ ದನಿ ನೆನಪಾಯಿತು. ಮುಂದಿನ ವಾರ ಚಟ್ನಿಪುಡಿ ಡಬ್ಬಿಯ ಜೊತೆ ಈ ಕೀಲಿಯನ್ನೂ ಭೂಮಿಕಾಳ ಕೈಗೇ ಕೊಟ್ಟುಬಿಡಬೇಕು.

ಮಕ್ಕಳನ್ನು ಓದಲು ಬೇರೆ ಊರಿಗೆ ಕಳಿಸುತ್ತಿರುವ ಅಮ್ಮ, ಅಪ್ಪ, ನಿಮ್ಮಲ್ಲೊಂದು ಮಾತು. ನೆಂಟರೆಂದು, ಅಗ್ಗವೆಂದು ಅಡ್ವಾನ್ಸ್ ಕೊಡಬೇಡಿ. ಮಗಳು ನಡೆಯುವ ಹೊತ್ತಿನಲ್ಲೇ ಆ ಬೀದಿಯಲ್ಲಿ ನೀವೂ ನಡೆಯಿರಿ. ಅಲ್ಲಿರುವ ಹುಡುಗಿಯರನ್ನು ಒಬ್ಬರೇ ಇದ್ದಾಗ ಕೇಳಿ. ಕರಾರು ಬರೆಸಿ, ರಸೀದಿ ಪಡೆಯಿರಿ. ಅಪಾಯ ಎನಿಸಿದರೆ 112ಕ್ಕೆ ಕರೆ ಮಾಡಲು ಮಗಳಿಗೆ ಹೇಳಿಕೊಡಿ. "ಬೇಡ, ನನಗೆ ಇಲ್ಲಿ ಇರಲು ಆಗಲ್ಲ" ಎಂದು ಅವಳು ಅಂದರೆ, ಓದು ತಲೆಗೆ ಹತ್ತಲಿಲ್ಲ ಎನ್ನಬೇಡಿ. ಆ ಬಾಗಿಲ ಹಿಂದೆ ಚಿಲಕ ಇದೆಯೇ, ನೀವೇ ಹೋಗಿ ಹಾಕಿ ನೋಡಿ.